ಬಚ್ಚಲು ಮನೆ ಬಾಯ್ಲರ್ ತೆಗೆದು ಗೀಸರ್ ಹಾಕಿಸ್ತೀರಾ? ಥರ್ಮೋಸ್ಟಾಟ್‌ನಿಂದ ಕರೆಂಟ್ ಬಿಲ್‌ವರೆಗೆ ತಿಳಿದಿರಬೇಕಾದ ನಿಯಮಗಳು ಇಲ್ಲಿವೆ

ಸಾಗರ: ಮಳೆಗಾಲ ಹತ್ತಿರ ಬಂತೆಂದರೆ ಮಲೆನಾಡಿನ ಮನೆಗಳಲ್ಲಿ ಒಂದೇ ಚಿಂತೆ, ಬಚ್ಚಲು ಒಲೆಗೆ ಒಣ ಕಟ್ಟಿಗೆ. ಅಡಿಕೆ ಸೋಗೆ, ತೆಂಗಿನ ಗರಿ, ಕಾಯಿ ಸಿಪ್ಪೆ ಎಲ್ಲವನ್ನೂ ಕೊಟ್ಟಿಗೆ ಅಟ್ಟಕ್ಕೆ ಸೇರಿಸಿದರೂ ಆಷಾಢ ಮುಗಿಯುವಷ್ಟರಲ್ಲಿ ಹೊಗೆ ಮಾತ್ರ ಉಳಿದಿರ್ತದೆ. ಮನೆಯಲ್ಲಿ ವಯಸ್ಸಾದವರು ಇಬ್ಬರೇ ಇದ್ದರಂತೂ ಬೆಳಗ್ಗೆ ಎದ್ದು ಊದುಕೊಳವೆ ಹಿಡಿಯೋರು ಯಾರು? ಹಾಗಾಗಿ ಹಂಡೆ, ತಾಮ್ರದ ಕಟ್ಟಿಗೆ ಬಾಯ್ಲರ್ ತೆಗೆದು ಗೀಸರ್ ಹಾಕಿಸುವ ಮನೆಗಳು ಹೆಚ್ಚಾಗ್ತಿವೆ. ಹತ್ತು ವರ್ಷದ ಹಳೇ ಗೀಸರ್ ಸೋರ್ತಿದೆ ಎಂದು ಹೊಸದಕ್ಕೆ ಬದಲಾಯಿಸುವವರೂ ಇದ್ದಾರೆ.

ಅಂಗಡಿಗೆ ಹೋದವರು ಕೇಳೋದು ಸಾಮಾನ್ಯವಾಗಿ ಎರಡೇ ಪ್ರಶ್ನೆ: ಎಷ್ಟು ಲೀಟರ್, ಎಷ್ಟು ರೇಟು. ಆದರೆ ಒಲೆಗೂ ಗೀಸರ್‌ಗೂ ಒಂದು ದೊಡ್ಡ ವ್ಯತ್ಯಾಸ ಇದೆ. ಕಟ್ಟಿಗೆ ಮುಗಿದರೆ ಒಲೆ ತಾನಾಗೇ ಆರ್ತದೆ. ಕರೆಂಟ್ ತಾನಾಗೇ ನಿಲ್ಲೋದಿಲ್ಲ, ಅದನ್ನು ನಿಲ್ಲಿಸೋದಕ್ಕೆ ಒಂದು ವ್ಯವಸ್ಥೆ ಬೇಕು. ಆ ವ್ಯವಸ್ಥೆ ಕೆಟ್ಟರೆ ಟ್ಯಾಂಕ್ ಒಡೆಯಬಹುದು, ಶಾಕ್ ಹೊಡೆಯಬಹುದು, ಮಗುವಿನ ಮೈ ಸುಡಬಹುದು. ಏನೂ ಆಗದಿದ್ದರೆ ತಿಂಗಳ ಕೊನೆಗೆ ಬಿಲ್ ಆದರೂ ಸುಡ್ತದೆ. ಸರ್ಕಾರದ ನಿಯಮಗಳಲ್ಲಿ ಹೆಚ್ಚಿನವು ಈ ‘ನಿಲ್ಲಿಸುವ ವ್ಯವಸ್ಥೆ’ಯ ಸುತ್ತಲೇ ಇವೆ. ಕೊಳ್ಳುವವರಿಗೂ ಮಾರುವವರಿಗೂ ಬೇಕಾದ ಮಾಹಿತಿ ಒಂದೊಂದಾಗಿ ಇಲ್ಲಿದೆ.

ಮೊದಲು: ಐಎಸ್‌ಐ ಗುರುತು ಇಲ್ಲದ ಗೀಸರ್ ಮಾರುವಂತೆಯೇ ಇಲ್ಲ

ಕೇಂದ್ರ ಸರ್ಕಾರದ 2003ರ ಗುಣಮಟ್ಟ ನಿಯಂತ್ರಣ ಆದೇಶದ ಪ್ರಕಾರ ನೀರು ಕಾಯಿಸುವ ಮೂರು ಬಗೆಯ ವಿದ್ಯುತ್ ಉಪಕರಣಕ್ಕೆ ಐಎಸ್‌ಐ ಗುರುತು ಕಡ್ಡಾಯ. ನೀರು ತುಂಬಿಟ್ಟು ಕಾಯಿಸುವ ಸ್ಟೋರೇಜ್ ಗೀಸರ್‌ಗೆ ಐಎಸ್ 2082, ತಕ್ಷಣ ಕಾಯಿಸಿ ಕೊಡುವ ಇನ್‌ಸ್ಟಂಟ್ ಗೀಸರ್‌ಗೆ ಐಎಸ್ 8978, ಬಕೆಟ್‌ಗೆ ಹಾಕುವ ರಾಡ್ ಅಂದರೆ ಇಮ್ಮರ್ಶನ್ ಹೀಟರ್‌ಗೆ ಐಎಸ್ 368. ಸಂತೆಯಲ್ಲಿ, ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಅಗ್ಗಕ್ಕೆ ಸಿಗುವ ರಾಡ್‌ಗಳಲ್ಲಿ ಈ ಗುರುತು ಇದೆಯಾ ಎಂದು ತಿರುಗಿಸಿ ನೋಡಿಯೇ ತಗೊಳ್ಳಿ.

ಐಎಸ್‌ಐ ಗುರುತಿನ ಮೇಲ್ಗಡೆ ಐಎಸ್ ಸಂಖ್ಯೆ, ಕೆಳಗಡೆ ‘ಸಿಎಂ/ಎಲ್’ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಬರೀ ಗುರುತು ಇದ್ದು ಸಂಖ್ಯೆ ಇಲ್ಲದಿದ್ದರೆ ಅನುಮಾನ ಪಡಲೇಬೇಕು. ‘ಬಿಐಎಸ್ ಕೇರ್’ ಎಂಬ ಉಚಿತ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿ, ಯಾವ ವಸ್ತುವಿಗೆ ಲೈಸೆನ್ಸ್, ಈಗಲೂ ಚಾಲ್ತಿಯಲ್ಲಿದೆಯಾ ಎಲ್ಲವೂ ಗೊತ್ತಾಗ್ತದೆ. ಅಂಗಡಿಯಲ್ಲೇ ನಿಂತು ಮಾಡಬಹುದಾದ ಕೆಲಸ.

ಅಂಗಡಿಯವರು ಗಮನಿಸಬೇಕಾದ ವಿಷಯ: ಕಡ್ಡಾಯ ಗುರುತು ಇಲ್ಲದ ಮಾಲು ಮಾರುವುದು 2016ರ ಬಿಐಎಸ್ ಕಾಯ್ದೆಯಡಿ ಅಪರಾಧ. ಮೊದಲ ಸಲಕ್ಕೆ 2 ವರ್ಷದವರೆಗೆ ಜೈಲು, ಅಥವಾ 2 ಲಕ್ಷ ರೂಪಾಯಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ ಎಂದು ಕಾಯ್ದೆ ಹೇಳ್ತದೆ. ಎರಡನೇ ಸಲಕ್ಕೆ ದಂಡ 5 ಲಕ್ಷಕ್ಕೆ ಏರ್ತದೆ. ‘ಹೋಲ್‌ಸೇಲ್‌ನವರು ಕಳಿಸಿದ್ರು, ನಾನು ಇಟ್ಟೆ’ ಎಂಬ ಉತ್ತರ ನಂಬಿ ಕೂರುವ ಹಾಗಿಲ್ಲ. ಸ್ಟಾಕ್ ಇಳಿಸುವಾಗಲೇ ನೋಡಿಕೊಳ್ಳೋದು ಒಳ್ಳೇದು.

ನಕ್ಷತ್ರ ಯಾಕೆ ಇರ್ತದೆ? ಎಲ್ಲರಿಗೂ 5 ಸ್ಟಾರೇ ಬೇಕಾ?

ಸ್ಟೋರೇಜ್ ಗೀಸರ್ ಮೇಲೆ ಇಂಧನ ದಕ್ಷತಾ ಬ್ಯೂರೋದ ಸ್ಟಾರ್ ಲೇಬಲ್ ಕಡ್ಡಾಯ. ಇದರ ಬಗ್ಗೆ ಒಂದು ತಪ್ಪು ತಿಳುವಳಿಕೆ ಇದೆ. 5 ಸ್ಟಾರ್ ಗೀಸರ್ ಕಡಿಮೆ ಕರೆಂಟಲ್ಲಿ ನೀರು ಕಾಯಿಸ್ತದೆ ಎಂದು ಜನ ಅಂದ್ಕೊಂಡಿದ್ದಾರೆ. ಹಾಗಲ್ಲ. ಒಂದು ಬಕೆಟ್ ನೀರು ಇಂತಿಷ್ಟು ಬಿಸಿ ಆಗಬೇಕಾದರೆ ಯಾವ ಗೀಸರ್ ಆದರೂ ಹೆಚ್ಚುಕಡಿಮೆ ಅಷ್ಟೇ ಕರೆಂಟ್ ತಿನ್ನೋದು. ಸ್ಟಾರ್ ಕೊಡೋದು ಕಾದ ನೀರು ಟ್ಯಾಂಕ್‌ನೊಳಗೆ ಸುಮ್ಮನೆ ನಿಂತಾಗ ಎಷ್ಟು ಬಿಸಿ ಕಳಕೊಳ್ತದೆ ಎಂಬ ಲೆಕ್ಕಕ್ಕೆ. ಲೇಬಲ್‌ನಲ್ಲಿ 24 ಗಂಟೆಗೆ ಎಷ್ಟು ಯೂನಿಟ್ ನಷ್ಟ ಎಂದು ಬರೆದಿರ್ತದೆ. ಆ ಸಂಖ್ಯೆ ಕಡಿಮೆ ಇದ್ದಷ್ಟೂ ಟ್ಯಾಂಕ್ ಸುತ್ತಲಿನ ಹೊದಿಕೆ ಚೆನ್ನಾಗಿದೆ ಎಂದರ್ಥ.

ಅಂದರೆ ಲಾಡ್ಜ್, ಪಿಜಿ, ಹತ್ತು ಜನರ ಕೂಡು ಕುಟುಂಬ, ಇಂಥ ಕಡೆ ಗೀಸರ್ ದಿನವಿಡೀ ಆನ್ ಇರೋದ್ರಿಂದ 5 ಸ್ಟಾರ್‌ಗೆ ಹೆಚ್ಚು ಕೊಟ್ಟ ದುಡ್ಡು ವಾಪಸ್ ಬರ್ತದೆ. ಬೆಳಗ್ಗೆ ಅರ್ಧ ಗಂಟೆ ಹಾಕಿ, ಸ್ನಾನ ಮುಗಿಸಿ, ಸ್ವಿಚ್ ತೆಗೆಯುವ ಮನೆಗೆ 4 ಸ್ಟಾರ್‌ಗೂ 5 ಸ್ಟಾರ್‌ಗೂ ಬಿಲ್‌ನಲ್ಲಿ ದೊಡ್ಡ ವ್ಯತ್ಯಾಸ ಕಾಣೋದಿಲ್ಲ. ಒಂದು, ಮೂರು ಲೀಟರ್‌ನ ಇನ್‌ಸ್ಟಂಟ್ ಗೀಸರ್‌ಗೆ ಈ ಸ್ಟಾರ್ ಲೆಕ್ಕ ಬರೋದಿಲ್ಲ, ಅಲ್ಲಿ ನೀರು ನಿಲ್ಲೋದೇ ಇಲ್ಲವಲ್ಲ.

ಎಷ್ಟು ಲೀಟರ್ ಸಾಕು?

ಮಲೆನಾಡಿನ ಚಳಿಯಲ್ಲಿ ತಣ್ಣೀರು ಸುಮಾರು 22 ಡಿಗ್ರಿ, ಗೀಸರ್‌ನಲ್ಲಿ 60 ಡಿಗ್ರಿ, ಮೈಗೆ ಹಾಕೋದು 42 ಡಿಗ್ರಿ ಎಂದು ಇಟ್ಟುಕೊಂಡರೆ ತಣ್ಣೀರು ಬೆರೆಸಿದ ಮೇಲೆ ಸಿಗುವ ನೀರು ಹೀಗಿದೆ:

• 6 ಲೀಟರ್ ಗೀಸರ್: ಸುಮಾರು 11 ಲೀಟರ್. ಅಡುಗೆಮನೆಗೆ, ಕೈಕಾಲು ತೊಳೆಯಲು ಸಾಕು.
• 15 ಲೀಟರ್: ಸುಮಾರು 28 ಲೀಟರ್, ಅಂದರೆ ಒಂದೂವರೆ ಬಕೆಟ್‌ನಷ್ಟು. 2 ಕಿಲೋವ್ಯಾಟ್ ಕಾಯಿಲ್ ಆದರೆ ಕಾಯಲು 20 ನಿಮಿಷ.
• 25 ಲೀಟರ್: ಸುಮಾರು 47 ಲೀಟರ್, ಎರಡು ಬಕೆಟ್ ಮೇಲೆ. ಕಾಯಲು ಅರ್ಧ ಗಂಟೆಗಿಂತ ಸ್ವಲ್ಪ ಜಾಸ್ತಿ.

ನಾಲ್ಕು ಜನ ಒಬ್ಬರ ಹಿಂದೆ ಒಬ್ಬರು ಸ್ನಾನ ಮಾಡುವ ಮನೆಗೆ 15 ಲೀಟರ್ ಆದರೂ ನಡೀತದೆ, ನಡುವೆ ಕಾಲು ಗಂಟೆ ಬಿಡುವು ಕೊಡಬೇಕಷ್ಟೇ.

ಥರ್ಮೋಸ್ಟಾಟ್, ಕಟ್‌ಔಟ್, ವಾಲ್ವ್: ಈ ಮೂರು ಕಾವಲುಗಾರರು

ಐಎಸ್ 2082 ಪ್ರಕಾರದ ಗೀಸರ್‌ನಲ್ಲಿ ಒಂದರ ಹಿಂದೆ ಒಂದು ಕಾವಲು ಇರ್ತದೆ. ಇವುಗಳ ಕೆಲಸ ಗೊತ್ತಿದ್ದರೆ ಮೆಕ್ಯಾನಿಕ್ ಏನು ಮಾಡ್ತಿದ್ದಾನೆ ಎಂಬುದು ನಿಮಗೂ ಅರ್ಥ ಆಗ್ತದೆ.

ಮೊದಲನೆಯದು ಥರ್ಮೋಸ್ಟಾಟ್. ಸೆಟ್ ಮಾಡಿದ ಬಿಸಿಗೆ ಬಂದ ಕೂಡಲೇ ಕರೆಂಟ್ ಕಟ್ ಮಾಡ್ತದೆ, ನೀರು ತಣಿದರೆ ಮತ್ತೆ ಆನ್ ಮಾಡ್ತದೆ. ಬಹಳ ಗೀಸರ್‌ಗಳಲ್ಲಿ ಇದನ್ನು ತಿರುಗಿಸುವ ಗುಂಡಿ ಹೊರಗೇ ಇರ್ತದೆ. 55ರಿಂದ 60 ಡಿಗ್ರಿ ಇಟ್ಟರೆ ಮನೆ ಬಳಕೆಗೆ ಧಾರಾಳ ಸಾಕು. 75ಕ್ಕೆ ಇಡೋದ್ರಿಂದ ಲಾಭ ಏನೂ ಇಲ್ಲ, ಬಿಸಿ ನಷ್ಟ ಜಾಸ್ತಿ, ಕಾಯಿಲ್‌ಗೆ ಬಿಳಿ ಸುಣ್ಣದ ಪದರ ಕಟ್ಟೋದು ಜಾಸ್ತಿ. 60 ಡಿಗ್ರಿ ನೀರು ನೇರ ಮೈಮೇಲೆ ಬಿದ್ದರೆ ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡ್ತದೆ, ಮಕ್ಕಳ ತೆಳು ಚರ್ಮವಂತೂ ಇನ್ನೂ ಬೇಗ. ಹಾಗಾಗಿ ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಇದು ಹಂಡೆ ಕಾಲದ ಅಭ್ಯಾಸಕ್ಕೆ ಉಲ್ಟಾ, ಆದರೂ ರೂಢಿ ಮಾಡ್ಕೊಳ್ಳಿ. ಹಾಗಂತ 40–45ಕ್ಕೆ ಇಳಿಸಿ ದಿನಗಟ್ಟಲೆ ನೀರು ನಿಲ್ಲಿಸೋದೂ ಸರಿಯಲ್ಲ, ಉಗುರುಬೆಚ್ಚಗಿನ ನಿಂತ ನೀರಲ್ಲಿ ರೋಗಾಣು ಬೆಳೀತವೆ.

ಎರಡನೆಯದು ಥರ್ಮಲ್ ಕಟ್‌ಔಟ್. ಥರ್ಮೋಸ್ಟಾಟ್ ಕೆಟ್ಟು ಕರೆಂಟ್ ನಿಲ್ಲದೇ ಹೋದರೆ ನೀರು ಕುದಿಯುವ ಮೊದಲು ಇದು ಲೈನ್ ಕಡಿತದೆ. ‘ಗೀಸರ್ ಸತ್ತೋಯ್ತು, ಲೈಟೇ ಬರ್ತಿಲ್ಲ’ ಎನ್ನುವ ಎಷ್ಟೋ ದೂರುಗಳಲ್ಲಿ ಆಗಿರೋದು ಇದೇ. ಇಲ್ಲಿ ಒಂದು ಅಪಾಯಕಾರಿ ರೂಢಿ ಇದೆ: ಕಟ್‌ಔಟ್ ಅನ್ನು ಬೈಪಾಸ್ ಮಾಡಿ ವೈರ್ ನೇರ ಜೋಡಿಸೋದು. ಗೀಸರ್ ಏನೋ ಓಡ್ತದೆ, ಆದರೆ ಮುಂದಿನ ಸಲ ಥರ್ಮೋಸ್ಟಾಟ್ ಕೆಟ್ಟರೆ ತಡೆಯೋದಕ್ಕೆ ಯಾರೂ ಇಲ್ಲ. ಕಟ್‌ಔಟ್ ಬಿದ್ದಿದೆ ಎಂದರೆ ಥರ್ಮೋಸ್ಟಾಟ್ ನೋಡಬೇಕು ಎಂದರ್ಥ. ಡೈರೆಕ್ಟ್ ಕೊಡ್ತೇನೆ ಎಂದವರಿಗೆ ಬೇಡ ಎನ್ನಿ.

ಮೂರನೆಯದು ಪ್ರೆಶರ್ ವಾಲ್ವ್. ನೀರು 25ರಿಂದ 65 ಡಿಗ್ರಿಗೆ ಹೋದಾಗ ಶೇ 1.7ರಷ್ಟು ಹಿಗ್ತದೆ. 15 ಲೀಟರ್ ಟ್ಯಾಂಕ್‌ನಲ್ಲಿ ಅದು ಸುಮಾರು ಕಾಲು ಲೀಟರ್. ತಣ್ಣೀರಿನ ಪೈಪ್‌ಗೆ ಹಿಂದೆ ಹೋಗದ ಹಾಗೆ ವಾಲ್ವ್ ಇರೋದ್ರಿಂದ ಹಿಗ್ಗಿದ ನೀರಿಗೆ ಬೇರೆ ದಾರಿ ಬೇಕು. ಅದಕ್ಕೇ ಗೀಸರ್ ಕಾಯುವಾಗ ಕೆಳಗಿನ ಸಣ್ಣ ನಳಿಗೆಯಿಂದ ಹನಿ ಹನಿ ಬೀಳ್ತದೆ. ಇದು ಸೋರಿಕೆ ಅಲ್ಲ, ಗೀಸರ್ ಉಸಿರಾಡೋದು. ಹನಿ ಬೀಳ್ತದೆ ಎಂದು ಆ ತೂತಿಗೆ ಸ್ಕ್ರೂ, ಎಂ-ಸೀಲ್, ಬೆಂಡು ಏನೂ ತುಂಬಬೇಡಿ. ಒಂದು ಸಣ್ಣ ಪೈಪ್ ಸಿಕ್ಕಿಸಿ ಮೋರಿಗೆ ಬಿಟ್ಟರೆ ಮುಗೀತು. ಗೀಸರ್ ಆಫ್ ಇದ್ದಾಗಲೂ ಧಾರೆಯಾಗಿ ಸುರಿದರೆ ಮಾತ್ರ ವಾಲ್ವ್ ಬದಲಿಸಬೇಕು.

ಪ್ರೆಶರ್ ಪಂಪ್ ಇರುವ ಮನೆಯವರು, ಎರಡು ಮೂರು ಮಹಡಿ ಇರುವವರು 8 ಬಾರ್ ಒತ್ತಡ ತಡೆಯುವ ಗೀಸರ್ ಕೇಳಿ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ. ಹಂಚಿನ ಮನೆಯ ಪಕ್ಕ ಸ್ಟ್ಯಾಂಡ್ ಮೇಲೆ ಸಿಂಟೆಕ್ಸ್ ಇಟ್ಟವರಿಗೆ ಅರ್ಧ ಬಾರ್ ಕೂಡ ಬರೋದಿಲ್ಲ, ಅವರು ಇದಕ್ಕಾಗಿ ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ.

ಯಾವಾಗ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಬೇಕೇ ಬೇಕು?

ಹೆಚ್ಚಿನವರಿಗೆ ಗೊತ್ತಿಲ್ಲದ ನಿಯಮ ಇದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮಗಳ ಪ್ರಕಾರ ಮನೆಯ ಬಲ್ಬ್, ಫ್ಯಾನ್, ಫ್ಯೂಸ್, ಸ್ವಿಚ್, ಮನೆ ಬಳಕೆಯ ಉಪಕರಣ ಇವನ್ನು ಬದಲಾಯಿಸುವಾಗ ಸಂಪರ್ಕದ ಸಾಮರ್ಥ್ಯ, ಸ್ವರೂಪ ಬದಲಾಗದಿದ್ದರೆ ಲೈಸೆನ್ಸ್ ಇರುವ ಗುತ್ತಿಗೆದಾರರೇ ಬೇಕೆಂದಿಲ್ಲ. ಅದು ಬಿಟ್ಟು ಹೊಸ ಲೈನ್ ಎಳೆಯೋದು, ಸೇರಿಸೋದು, ಮಾರ್ಪಾಡು, ರಿಪೇರಿ ಎಲ್ಲವನ್ನೂ ವಿದ್ಯುತ್ ಪರಿವೀಕ್ಷಣಾಲಯದ ಲೈಸೆನ್ಸ್ ಪಡೆದವರೇ ಮಾಡಬೇಕು.

ಇದನ್ನು ಗೀಸರ್‌ಗೆ ಹೊಂದಿಸಿದರೆ ಹೀಗೆ:

• 2 ಕಿಲೋವ್ಯಾಟ್‌ನ ಹಳೇ ಗೀಸರ್ ತೆಗೆದು ಅದೇ ಪಾಯಿಂಟ್‌ಗೆ 2 ಕಿಲೋವ್ಯಾಟ್‌ನ ಹೊಸತು: ಕಂಪನಿ ಮೆಕ್ಯಾನಿಕ್ ಬಂದು ಹಾಕಿ ಹೋದರೆ ಸಾಕು.
• 2 ಕಿಲೋವ್ಯಾಟ್ ಜಾಗಕ್ಕೆ 3 ಕಿಲೋವ್ಯಾಟ್‌ನ ಇನ್‌ಸ್ಟಂಟ್: ಹಳೇ ವೈರ್, ಸ್ವಿಚ್ ಸಾಲ್ತದಾ ಎಂದು ಪರೀಕ್ಷೆ ಆಗಬೇಕು, ಲೈನ್ ಬದಲಿಸಬೇಕಾದರೆ ಲೈಸೆನ್ಸ್ ಇರುವವರೇ ಬೇಕು.
• ಹಂಡೆ, ಕಟ್ಟಿಗೆ ಬಾಯ್ಲರ್ ಜಾಗಕ್ಕೆ ಮೊದಲ ಸಲ ಗೀಸರ್: ಇದು ಹೊಸ ಲೈನ್. ಲೈಸೆನ್ಸ್ ಇರುವವರಿಂದಲೇ ಮಾಡಿಸಿ, ಬಿಲ್ ತಗೊಳ್ಳಿ.

ಬಚ್ಚಲು ಮನೆಯಲ್ಲಿ ಬಲ್ಬ್ ಪಾಯಿಂಟ್ ಇದೆ ಎಂದು ಅದರಿಂದಲೇ ಗೀಸರ್‌ಗೆ ಲೈನ್ ಎಳೆಯೋದು ಬೇಡವೇ ಬೇಡ. 2 ಕಿಲೋವ್ಯಾಟ್ ಗೀಸರ್ ಸುಮಾರು 9 ಆಂಪಿಯರ್, 3 ಕಿಲೋವ್ಯಾಟ್‌ನದ್ದು 13 ಆಂಪಿಯರ್ ಎಳೀತದೆ. 6 ಆಂಪಿಯರ್‌ನ ಸಣ್ಣ ಪ್ಲಗ್, ಅದಕ್ಕೆ ಸಿಕ್ಕಿಸಿದ ಕನ್ವರ್ಟರ್ ಪಿನ್ ಎರಡೂ ಕರಗಿ ಹೋಗ್ತವೆ. ಬೇಕಾಗೋದು ಇಷ್ಟು: 16 ಆಂಪಿಯರ್ ಸಾಕೆಟ್, ಸ್ವಿಚ್‌ಬೋರ್ಡ್‌ನಿಂದ ಪ್ರತ್ಯೇಕ ಲೈನ್, ಸಾಮಾನ್ಯವಾಗಿ 2.5 ಚದರ ಮಿಲಿಮೀಟರ್ ತಾಮ್ರದ ವೈರ್, ಆ ಲೈನ್‌ಗೆ ತನ್ನದೇ ಎಂಸಿಬಿ. ಲೈನ್ ಉದ್ದ ಇದ್ದರೆ, ಗೀಸರ್ 3 ಕಿಲೋವ್ಯಾಟ್ ಆದರೆ 4 ಚದರ ಮಿಲಿಮೀಟರ್ ಹಾಕ್ಸೋದು ಉತ್ತಮ. ಸ್ವಿಚ್ ಬಚ್ಚಲಿನ ಹೊರಗೆ, ಒದ್ದೆ ಕೈ ತಾಗದ ಕಡೆ ಇರಲಿ.

ಎಂಸಿಬಿ ಇದ್ದರೆ ಶಾಕ್ ಹೊಡೆಯಲ್ಲ ಎಂಬ ನಂಬಿಕೆ ತಪ್ಪು

ಎಂಸಿಬಿ ಕಾಯೋದು ವೈರನ್ನು. ಮನುಷ್ಯರನ್ನು ಕಾಯೋದು ಆರ್‌ಸಿಸಿಬಿ ಅಥವಾ ಆರ್‌ಸಿಬಿಒ. ಕರೆಂಟ್ ಹೋದ ದಾರಿಯಲ್ಲೇ ಪೂರ್ತಿ ವಾಪಸ್ ಬರದೆ ಮೈಮೂಲಕವೋ ಗೋಡೆ ಮೂಲಕವೋ ಭೂಮಿಗೆ ಇಳಿದರೆ ಇದು ಕ್ಷಣದಲ್ಲಿ ಲೈನ್ ಕಡಿತದೆ. ಮನೆಗೆ ಬೇಕಾದದ್ದು 30 ಮಿಲಿಆಂಪಿಯರ್‌ನದ್ದು, ಅಂಗಡಿಯಲ್ಲಿ 100, 300ರದ್ದೂ ಸಿಗ್ತದೆ, ಅದು ಬೇರೆ ಉಪಯೋಗಕ್ಕೆ. ಪ್ರಾಧಿಕಾರದ 2023ರ ನಿಯಮಾವಳಿಯೂ ಇಂಥ ಭೂಸೋರಿಕೆ ರಕ್ಷಣೆಯನ್ನು ಕೇಳ್ತದೆ. ಅದರ ಮೇಲೆ ‘ಟಿ’ ಎಂದು ಬರೆದ ಗುಂಡಿ ಇರ್ತದೆ. ತಿಂಗಳಿಗೊಮ್ಮೆ ಒತ್ತಿ, ಟಪ್ ಎಂದು ಬೀಳಬೇಕು. ಬೀಳದಿದ್ದರೆ ಕೆಟ್ಟಿದೆ.

ಅರ್ಥಿಂಗ್ ಇಲ್ಲದ ಮನೆಗೆ ಗೀಸರ್ ಹಾಕಬಾರದು. ಹಳೇ ಮನೆಗಳಲ್ಲಿ ಮೂರು ಪಿನ್ ಸಾಕೆಟ್ ಇರ್ತದೆ, ಹಿಂದೆ ಅರ್ಥ್ ವೈರೇ ಇರೋದಿಲ್ಲ. ನಲ್ಲಿ ಮುಟ್ಟಿದಾಗ ಜುಮ್ ಎಂದರೆ ‘ಮಳೆಗಾಲ ಅಲ್ವಾ, ಥಂಡಿಗೆ’ ಎಂದು ಸುಮ್ಮನಾಗಬೇಡಿ. ಮೇನ್ ಆಫ್ ಮಾಡಿ, ತೋರಿಸಿದ ಮೇಲೆಯೇ ಆನ್ ಮಾಡಿ.

ಮಣ್ಣಿನ ಗೋಡೆ ಮನೆಯವರಿಗೆ ಒಂದು ಮಾತು: 25 ಲೀಟರ್ ಗೀಸರ್ ನೀರು ತುಂಬಿದರೆ ಸುಮಾರು 35 ಕೆ.ಜಿ. ತೂಗ್ತದೆ. ಮಣ್ಣಿನ ಇಟ್ಟಿಗೆ, ಒದ್ದೆ ಹೀರಿದ ಜಂಬಿಟ್ಟಿಗೆ ಗೋಡೆಯಲ್ಲಿ ಬೋಲ್ಟ್ ಹಿಡಿಯೋದು ಅನುಮಾನ. ಒಂದೋ ಗೋಡೆಯ ಆಚೆಯಿಂದ ಪಟ್ಟಿ ಕೊಟ್ಟು ಬಿಗಿಸಬೇಕು, ಇಲ್ಲವೇ ಸಣ್ಣ ಗೀಸರ್ ಆರಿಸಬೇಕು.

ಗೃಹಜ್ಯೋತಿ ಇರುವವರು ಈ ಲೆಕ್ಕ ನೋಡಿಯೇ ಮುಂದುವರಿಯಿರಿ

ಒಂದು ಬಕೆಟ್ ಅಂದರೆ 20 ಲೀಟರ್ ನೀರನ್ನು 22ರಿಂದ 42 ಡಿಗ್ರಿಗೆ ಏರಿಸೋದಕ್ಕೆ ಸುಮಾರು ಅರ್ಧ ಯೂನಿಟ್ ಬೇಕು, ನಿಖರವಾಗಿ 0.46. ನಾಲ್ಕು ಜನ, ದಿನಕ್ಕೊಂದು ಬಕೆಟ್ ಎಂದರೆ ದಿನಕ್ಕೆ 1.9 ಯೂನಿಟ್, ತಿಂಗಳಿಗೆ ಸುಮಾರು 56 ಯೂನಿಟ್. ಇದು ಸ್ನಾನಕ್ಕೆ ಮಾತ್ರ.

ಗೃಹಜ್ಯೋತಿಯಲ್ಲಿ ನಿಮ್ಮ ಉಚಿತ ಮಿತಿ 200 ಯೂನಿಟ್ ಅಲ್ಲ ಎಂಬುದನ್ನು ನೆನಪಿಡಿ. ಸಾಮಾನ್ಯವಾಗಿ 2022–23ರ ನಿಮ್ಮ ಸರಾಸರಿ ಬಳಕೆ, ಅದರ ಮೇಲೆ ಶೇ 10. ಅದಕ್ಕಿಂತ ಜಾಸ್ತಿ ಬಳಸಿದರೆ ಜಾಸ್ತಿ ಆದಷ್ಟಕ್ಕೆ ದುಡ್ಡು ಕಟ್ಟಬೇಕು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಯೂನಿಟ್‌ಗೆ ಸುಮಾರು 6 ರೂಪಾಯಿ ಎಂದು ಹಿಡಿದು ಎರಡು ಉದಾಹರಣೆ ನೋಡಿ.

ಮನೆ ಒಂದು: ಸರಾಸರಿ 70 ಯೂನಿಟ್, ಮಿತಿ 77. ಆಗ ಕಟ್ಟಿಗೆ ಒಲೆ ಇತ್ತು, ಬಿಲ್ ಸೊನ್ನೆ. ಗೀಸರ್ ಬಂದ ಮೇಲೆ ಬಳಕೆ 126. ಮಿತಿ ಮೀರಿದ್ದು 49 ಯೂನಿಟ್, ತಿಂಗಳಿಗೆ ಸುಮಾರು 300 ರೂಪಾಯಿ, ಇತರ ಶುಲ್ಕ ಬೇರೆ.

ಮನೆ ಎರಡು: ಸರಾಸರಿ 165, ಮಿತಿ 181. ಈಗಿನ ಬಳಕೆ 160, ಬಿಲ್ ಸೊನ್ನೆ. ಗೀಸರ್‌ನ 56 ಸೇರಿದರೆ 216. 200 ದಾಟಿತು. ಬರೀ 35 ಯೂನಿಟ್‌ಗೆ ಅಲ್ಲ, ಪೂರ್ತಿ 216 ಯೂನಿಟ್‌ಗೆ ಬಿಲ್, ಅಂದರೆ 1,300 ರೂಪಾಯಿ ಸಮೀಪ, ನಿಗದಿತ ಶುಲ್ಕ ಬೇರೆ. ಈ ಮನೆಯವರು ಇಬ್ಬರ ಸ್ನಾನದ ನೀರನ್ನು ಸೋಲಾರ್‌ನಲ್ಲೋ ಒಲೆಯಲ್ಲೋ ಕಾಯಿಸಿಕೊಂಡರೂ 200ರ ಒಳಗೆ ಉಳೀತಾರೆ. ಹಾಗಾಗಿ ಗೀಸರ್ ಕೊಳ್ಳುವ ಮೊದಲು ಹಳೇ ಆರು ತಿಂಗಳ ಬಿಲ್ ತೆಗೆದು ನೋಡಿ.

ಇನ್ನೊಂದು ಅನುಮಾನ ಎಲ್ಲರಲ್ಲೂ ಇದೆ: ವೋಲ್ಟೇಜ್ ಕಡಿಮೆ ಇದ್ದರೆ ಬಿಲ್ ಜಾಸ್ತಿ ಬರ್ತದಾ? ಇಲ್ಲ. 230 ಬದಲು 170 ವೋಲ್ಟ್ ಬಂದರೆ 2 ಕಿಲೋವ್ಯಾಟ್ ಕಾಯಿಲ್ ಸುಮಾರು 1.1 ಕಿಲೋವ್ಯಾಟ್‌ನಷ್ಟೇ ಕೆಲಸ ಮಾಡ್ತದೆ. 20 ನಿಮಿಷದ ಕೆಲಸಕ್ಕೆ 36 ನಿಮಿಷ ಹಿಡೀತದೆ, ಯೂನಿಟ್ ಹೆಚ್ಚುಕಡಿಮೆ ಅಷ್ಟೇ.

ಮಂಜೂರಾದ ಲೋಡ್ ಎಷ್ಟಿದೆ ಎಂದು ಬಿಲ್‌ನಲ್ಲಿ ನೋಡಿ. 1 ಕಿಲೋವ್ಯಾಟ್ ಎಂದಿದ್ದರೆ 2–3 ಕಿಲೋವ್ಯಾಟ್ ಗೀಸರ್ ಹಾಕುವ ಮೊದಲು ಮೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಹೆಚ್ಚುವರಿ ಲೋಡ್‌ಗೆ ಅರ್ಜಿ ಕೊಡಬೇಕು. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಬರೋದ್ರಿಂದ ಅದೂ ಏರ್ತದೆ, ಲೆಕ್ಕಕ್ಕೆ ಸೇರಿಸಿ.

ಸಲೂನ್, ಹೋಟೆಲ್, ಲಾಡ್ಜ್‌ನವರಿಗೆ: ಗೃಹಜ್ಯೋತಿ ಮನೆಗಳಿಗೆ ಮಾತ್ರ. ಮನೆ ಮೀಟರ್‌ನಿಂದ ಅಂಗಡಿ ಗೀಸರ್‌ಗೆ ಲೈನ್ ಎಳೆದರೆ ಅದು 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ. ಸಿಕ್ಕಿಬಿದ್ದರೆ ಆ ದರದ ಎರಡು ಪಟ್ಟು ಲೆಕ್ಕ ಹಾಕಿ ವಸೂಲಿ ಮಾಡಬಹುದು.

ಹೊಸ ಮನೆಗೆ ಸೋಲಾರ್ ಕಡ್ಡಾಯ, ಹಳೇ ಮನೆಗೆ ಅಲ್ಲ

ರಾಜ್ಯ ಸರ್ಕಾರದ 2007ರ ನವೆಂಬರ್ ಆದೇಶದ ಪ್ರಕಾರ ನಗರಸಭೆ, ಪುರಸಭೆಯಂಥ ನಗರ ಮಿತಿಯಲ್ಲಿ 1,200 ಚದರ ಅಡಿ ಅಥವಾ ಅದಕ್ಕಿಂತ ದೊಡ್ಡ ಸೈಟಿನಲ್ಲಿ 600 ಚದರ ಅಡಿ ಮೇಲ್ಪಟ್ಟ ಮನೆ ಕಟ್ಟುವವರಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ. ಹೊಸ ವಿದ್ಯುತ್ ಸಂಪರ್ಕ ಕೇಳುವಾಗ ಇದು ಬರ್ತದೆ. ಈಗಾಗಲೇ ಸಂಪರ್ಕ ಇರುವ ಮನೆಯಲ್ಲಿ ಗೀಸರ್ ಬದಲಿಸುವವರಿಗೆ ಈ ಕಡ್ಡಾಯ ಇಲ್ಲ. ಆದರೆ ಸೋಲಾರ್ ಹಾಕಿಸಿದ ಮನೆಗೆ ಬಿಲ್‌ನಲ್ಲಿ ಯೂನಿಟ್‌ಗೆ 50 ಪೈಸೆಯಂತೆ ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ದರಪಟ್ಟಿಯಲ್ಲಿದೆ. ಹಾಕಿಸಿಯೂ ಕೇಳದೆ ಬಿಟ್ಟವರು ಮೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ. 2025ರ ಸೆಪ್ಟೆಂಬರ್ 22ರಿಂದ ಸೋಲಾರ್ ವಾಟರ್ ಹೀಟರ್ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿದಿದೆ. ಕರೆಂಟ್ ಗೀಸರ್‌ಗೆ ಶೇ 18 ಇದೆ.

ನಮ್ಮ ಕಡೆಯ ಸಮಸ್ಯೆ ಬಿಸಿಲು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋಲಾರ್ ಒಂದನ್ನೇ ನಂಬಿದರೆ ತಣ್ಣೀರೇ ಗತಿ. ಅದಕ್ಕೆ ಟ್ಯಾಂಕ್‌ನೊಳಗೇ ಕರೆಂಟ್ ಕಾಯಿಲ್ ಹಾಕ್ತಾರೆ. ಅಲ್ಲೂ ಥರ್ಮೋಸ್ಟಾಟ್, ಅರ್ಥಿಂಗ್, ಪ್ರತ್ಯೇಕ ಲೈನ್ ಎಲ್ಲ ನಿಯಮವೂ ಅನ್ವಯ. ಸ್ವಿಚ್ ಮರೆತು ಬಿಟ್ಟರೆ 200 ಲೀಟರ್ ಪೂರ್ತಿ ಕಾಯ್ತದೆ, ಒಂದೇ ಸಲಕ್ಕೆ ಎಂಟು ಯೂನಿಟ್‌ಗೂ ಹೆಚ್ಚು. ನಾಲ್ಕು ಜನರಿಗೆ 15 ಲೀಟರ್‌ನ ಪ್ರತ್ಯೇಕ ಗೀಸರ್ ಇಟ್ಟುಕೊಳ್ಳೋದು ಅದಕ್ಕಿಂತ ಅಗ್ಗ.

ಗ್ಯಾಸ್ ಗೀಸರ್: ಬಚ್ಚಲಿನ ಒಳಗೆ ಬೇಡ

ಕರೆಂಟ್ ಪದೇ ಪದೇ ಹೋಗುವ ಹಳ್ಳಿಗಳಲ್ಲಿ ಗ್ಯಾಸ್ ಗೀಸರ್ ಇಷ್ಟಪಡ್ತಾರೆ. ನಾಲ್ಕು ಬಕೆಟ್ ಲೆಕ್ಕದಲ್ಲಿ ತಿಂಗಳಿಗೆ ಸುಮಾರು ಐದೂವರೆ ಕೆ.ಜಿ. ಗ್ಯಾಸ್, ಅಂದರೆ 14.2 ಕೆ.ಜಿ. ಸಿಲಿಂಡರ್‌ನ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಖರ್ಚಿಗಿಂತ ದೊಡ್ಡ ವಿಷಯ ಗಾಳಿ.

ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಗ್ಯಾಸ್ ಉರಿದರೆ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಹುಟ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ಆಮ್ಲಜನಕಕ್ಕಿಂತ 200 ಪಟ್ಟು ಮೇಲೆ ಬಿಗಿಯಾಗಿ ರಕ್ತಕ್ಕೆ ಅಂಟಿಕೊಳ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಶುರುವಾಗಿ ಬಾಗಿಲ ಚಿಲಕ ತೆಗೆಯುವಷ್ಟರಲ್ಲೇ ಕಾಲು ಸೋತು ಬೀಳ್ತಾರೆ. ನೀರಿನ ಶಬ್ದದಲ್ಲಿ ಹೊರಗಿನವರಿಗೆ ಗೊತ್ತೇ ಆಗೋದಿಲ್ಲ.

• ಗೀಸರ್, ಸಿಲಿಂಡರ್ ಎರಡೂ ಬಚ್ಚಲಿನ ಹೊರಗೆ, ಗಾಳಿ ಆಡುವ ಕಡೆ ಇರಲಿ. ಒಳಗೆ ಬರೋದು ಬಿಸಿನೀರಿನ ಪೈಪ್ ಮಾತ್ರ.
• ಐಎಸ್ 15558 ಗುರುತು ಇರುವುದನ್ನೇ ಕೊಳ್ಳಿ.
• ಉರಿ ನೀಲಿ ಇರಬೇಕು. ಹಳದಿ ಆಗಿದ್ದರೆ, ಮಸಿ ಹಿಡಿದಿದ್ದರೆ ನಿಲ್ಲಿಸಿ ಸರ್ವಿಸ್ ಮಾಡಿಸಿ.
• ಯಾರಾದರೂ ಬಿದ್ದರೆ ಮೊದಲು ಬಾಗಿಲು ತೆರೆದು ಗ್ಯಾಸ್ ನಿಲ್ಲಿಸಿ, ಅವರನ್ನು ಹೊರಗೆ ತಂದು 108ಕ್ಕೆ ಕರೆ ಮಾಡಿ.

ಇದೇ ಮಾತು ಚಳಿಗೆಂದು ಕೆಂಡದ ಬಾಣಲೆ ಕೋಣೆಯೊಳಗೆ ಇಟ್ಟು ಬಾಗಿಲು ಹಾಕಿ ಮಲಗುವವರಿಗೂ ಅನ್ವಯ.

ಕಟ್ಟಿಗೆ ಬಾಯ್ಲರನ್ನೇ ಉಳಿಸಿಕೊಳ್ಳುವವರಿಗೆ

ಎಲ್ಲರೂ ಬದಲಾಯಿಸಲೇಬೇಕೆಂದಿಲ್ಲ. ತೋಟ ಇದ್ದು ಸೋಗೆ, ಸಿಪ್ಪೆ ಪುಕ್ಕಟೆ ಸಿಗುವ ಮನೆಗೆ ಹಂಡೆಯೇ ಅಗ್ಗ. ಹೊಗೆಗೆ ಚಿಮಣಿ ಇರಲಿ. ತಾಮ್ರದ ಬಾಯ್ಲರ್‌ನಲ್ಲಿ ತಣ್ಣೀರು ಹಾಕಿದಾಗ ಬಿಸಿನೀರು ಹೊರಗೆ ಬರುವ ಬಾಯಿ ಯಾವಾಗಲೂ ತೆರೆದೇ ಇರಬೇಕು. ಅನುಕೂಲ ಆಗ್ತದೆಂದು ಆ ಬಾಯಿಗೆ ನಲ್ಲಿ ಕೂರಿಸಿ, ಕೆಳಗೆ ಉರಿ ಇಟ್ಟರೆ ಆವಿ ಹೋಗಲು ದಾರಿಯೇ ಇಲ್ಲ. ಅದಕ್ಕೆ ಥರ್ಮೋಸ್ಟಾಟೂ ಇಲ್ಲ, ಕಟ್‌ಔಟೂ ಇಲ್ಲ ಎಂಬುದು ನೆನಪಿರಲಿ.

ಕೊಳ್ಳುವ ದಿನ ಜೇಬಿನಲ್ಲಿಟ್ಟುಕೊಳ್ಳಬೇಕಾದ ಪಟ್ಟಿ

1. ಐಎಸ್‌ಐ ಗುರುತು, ಸಿಎಂ/ಎಲ್ ಸಂಖ್ಯೆ ಆ್ಯಪ್‌ನಲ್ಲಿ ನೋಡಿದ್ದಾಯ್ತಾ?
2. ಸ್ಟಾರ್ ಲೇಬಲ್‌ನಲ್ಲಿ 24 ಗಂಟೆಯ ನಷ್ಟದ ಸಂಖ್ಯೆ ಎಷ್ಟು?
3. ಥರ್ಮೋಸ್ಟಾಟ್ ಗುಂಡಿ ಹೊರಗಿದೆಯಾ? ಪ್ರೆಶರ್ ವಾಲ್ವ್ ಡಬ್ಬದಲ್ಲೇ ಇದೆಯಾ?
4. ಟ್ಯಾಂಕ್‌ಗೆ ಎಷ್ಟು ವರ್ಷ, ಕಾಯಿಲ್‌ಗೆ ಎಷ್ಟು ವರ್ಷ ವಾರಂಟಿ? ಎರಡೂ ಬೇರೆ ಬೇರೆ ಇರ್ತವೆ.
5. ಜಿಎಸ್‌ಟಿ ಬಿಲ್, ವಾರಂಟಿ ಕಾರ್ಡ್‌ಗೆ ಸೀಲು, ತಾರೀಕು.
6. ಮನೆಯಲ್ಲಿ ಅರ್ಥಿಂಗ್, 16 ಆಂಪಿಯರ್ ಲೈನ್, 30 ಮಿಲಿಆಂಪಿಯರ್ ಆರ್‌ಸಿಸಿಬಿ ಇದೆಯಾ?
7. ಬಿಲ್‌ನಲ್ಲಿ ಮಂಜೂರಾದ ಲೋಡ್, ಗೃಹಜ್ಯೋತಿ ಮಿತಿ ನೋಡಿದ್ದಾಯ್ತಾ?

ಹಾಕಿಸಿದ ದಿನ ಬಿಸಿನೀರಿನ ನಲ್ಲಿ ತೆರೆದು ನೀರು ಪೂರ್ತಿ ಬಂದ ಮೇಲೆಯೇ ಸ್ವಿಚ್ ಹಾಕಿ. ಖಾಲಿ ಟ್ಯಾಂಕ್‌ಗೆ ಕರೆಂಟ್ ಕೊಟ್ಟರೆ ಕಾಯಿಲ್ ಸುಟ್ಟು ಹೋಗ್ತದೆ, ಅದಕ್ಕೆ ವಾರಂಟಿ ಸಿಗೋದು ಕಷ್ಟ. ಬೋರ್‌ವೆಲ್ ನೀರಿನವರು ವರ್ಷ, ಎರಡು ವರ್ಷಕ್ಕೊಮ್ಮೆ ಟ್ಯಾಂಕ್ ತೊಳೆಸಿ, ಒಳಗಿನ ಆ್ಯನೋಡ್ ಕಡ್ಡಿ ಸವೆದಿದೆಯಾ ನೋಡಿಸಿ. ಟ್ಯಾಂಕ್ ಬದಲು ತಾನು ಸವೆಯೋದೇ ಆ ಕಡ್ಡಿಯ ಕೆಲಸ.

ಸಹಾಯಕ್ಕೆ: ವಿದ್ಯುತ್ ದೂರು 1912, ಗ್ಯಾಸ್ ಸೋರಿಕೆ 1906, ಗ್ರಾಹಕರ ದೂರು 1915, ಆಂಬುಲೆನ್ಸ್ 108. ಈ ನಾಲ್ಕು ನಂಬರ್ ಬರೆದು ಗೀಸರ್ ಸ್ವಿಚ್ ಪಕ್ಕ ಅಂಟಿಸಿಡಿ. ಮನೆಯಲ್ಲಿ ಹಿರಿಯರಿಬ್ಬರೇ ಇರುವವರಂತೂ ದೊಡ್ಡ ಅಕ್ಷರದಲ್ಲಿ ಬರೆಸಿಡಿ.